ಕೋವರ್ಕಿಂಗ್ ಜಾಗ ತೆರೆಯುವ ಮೊದಲೇ ಮೌಲ್ಯಗಳು, ಎಸ್‌ಒಪಿ (ಯಾವ ಕೆಲಸ ಹೇಗೆ ಮಾಡಬೇಕು ಅನ್ನುವ ಲಿಖಿತ ಕ್ರಮ) ಎರಡನ್ನೂ ಬರೆದು ಮುಗಿಸಬೇಕೇ? ಯಾವುದು ಮೊದಲು?

"ಉದ್ಘಾಟನೆಗೆ ಮೊದಲೇ ಎಲ್ಲ ಬರೆದಿಟ್ಟುಬಿಟ್ಟರೆ ಮುಂದೆ ಜಗಳ ಇರುವುದಿಲ್ಲ" ಅಂತ ಕೇಳಿದ್ದೀರಲ್ಲ, ಓದಿ ನಗು ಬಂತು. ಬೇಜಾರು ಮಾಡಿಕೊಳ್ಳಬೇಡಿ. ಬೇರೆ ಬೇರೆಯವರು ಬಾಡಿಗೆಗೆ ಡೆಸ್ಕ್ ಹಿಡಿದು ಒಟ್ಟಿಗೆ ಕೂತು ಕೆಲಸ ಮಾಡುವ ಇಂಥದೇ ಜಾಗ ತೆರೆಯುವಾಗ ಇದೇ ಮಾತನ್ನು ನಾನು ನನ್ನ ಪಾಲುದಾರರಿಗೆ ಹೇಳಿದ್ದೆ. ಹೇಳಿದ್ದಷ್ಟೇ ಅಲ್ಲ, ಕೂತು ಬರೆದೂ ಇದ್ದೆ. ಎದ್ದ ಮೇಲೆ ಕುರ್ಚಿ ಒಳಗೆ ತಳ್ಳಬೇಕು, ವೈಟ್‌ಬೋರ್ಡ್ ಒರೆಸಬೇಕು, ಪ್ರಿಂಟರಿನಲ್ಲಿ ಕಾಗದ ಮುಗಿದರೆ ಯಾವ ಕಪಾಟಿನಿಂದ ತೆಗೆಯಬೇಕು, ಎಲ್ಲದಕ್ಕೂ ಒಂದೊಂದು ಪುಟ ಇತ್ತು. ಯಾರಾದರೂ ನಿಯಮ ಮುರಿದಾಗ ಎದ್ದು ಹೋಗಿ ಮಾತಾಡುವವರು ಯಾರು ಅನ್ನುವುದಕ್ಕೆ ಮಾತ್ರ ಪುಟ ಇರಲಿಲ್ಲ.

ಮೌಲ್ಯಗಳೂ ಇದ್ದವು, ಗೋಡೆ ಮೇಲೆ, ದೊಡ್ಡ ಅಕ್ಷರದಲ್ಲಿ. ಸಮುದಾಯ, ಮುಕ್ತತೆ, ಸಹಯೋಗ, ಸುಸ್ಥಿರತೆ, ಎಲ್ಲರಿಗೂ ಪ್ರವೇಶ. ನಮ್ಮ ತಲೆಯಿಂದ ಬಂದದ್ದಲ್ಲ, ಕೋವರ್ಕಿಂಗ್ ಶುರುವಾದ ಕಾಲದಿಂದ ಜಗತ್ತಿನ ಎಷ್ಟೋ ಜಾಗಗಳು ಹೇಳಿಕೊಂಡು ಬಂದಿರುವ ಐದು ಮೌಲ್ಯಗಳೇ. ಆದರೆ ಅವು ಹುಟ್ಟಿದ ಕ್ರಮವನ್ನು ನಾವು ಗಮನಿಸಿರಲಿಲ್ಲ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ರಾಡ್ ನ್ಯೂಬರ್ಗ್ ಅನ್ನುವ ಪ್ರೋಗ್ರಾಮರ್ ವಾರಕ್ಕೆ ಎರಡು ದಿನ ಬಾಡಿಗೆಗೆ ಸಿಕ್ಕ ಜಾಗದಲ್ಲಿ ಮೇಜು ಹಾಕಿಕೊಂಡು ಕೂತಾಗ ಮೊದಲ ತಿಂಗಳು ಒಬ್ಬರೂ ಬರಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಬಂದರು, ಬೇರೆ ಜಾಗಗಳೂ ಹುಟ್ಟಿಕೊಂಡವು. ಅವುಗಳನ್ನು ನಡೆಸುತ್ತಿದ್ದವರು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತಾ ಆ ಐದು ಪದಗಳಿಗೆ ಬಂದು ನಿಂತರು. ನಾವು ಮಾಡಿದ್ದು ಉಲ್ಟಾ. ಪದಗಳನ್ನು ಮೊದಲೇ ತಂದು ಅಂಟಿಸಿ ಜನರಿಗಾಗಿ ಕಾದೆವು.

ಜನ ಬಂದರು. ಜಾಗ ಅರ್ಧ ತುಂಬಿದ್ದಾಗ ಒಂದು ಸಣ್ಣ ಸಾಫ್ಟ್‌ವೇರ್ ತಂಡ ಬಂದು ನಡುವಿನ ಉದ್ದನೆಯ ಮೇಜನ್ನು ಇಡಿಯಾಗಿ ತೆಗೆದುಕೊಂಡಿತು. ಬಾಡಿಗೆ ಕಟ್ಟುವ ದಿನ ಹತ್ತಿರ ಬಂದರೆ ನಿದ್ದೆ ಬರದಿದ್ದ ನನಗೆ ಆ ತಂಡ ದೇವರು ಕಳಿಸಿದ ಹಾಗೆ ಕಂಡಿತು. ಒಳ್ಳೆಯ ಹುಡುಗರೇ. ತಂಡದ ಮುಖ್ಯಸ್ಥ ನನ್ನ ಹತ್ತಿರ ಬಂದು ಕೇಳಿದ್ದೂ ಮರ್ಯಾದೆಯಾಗಿಯೇ: "ಬೆಳಿಗ್ಗೆಯ ಸ್ಟ್ಯಾಂಡಪ್‌ಗೆ, ಅಂದರೆ ನಿಂತೇ ಮುಗಿಸುವ ತಂಡದ ಮೀಟಿಂಗ್‌ಗೆ, ಮೀಟಿಂಗ್ ರೂಮ್ ಸಾಲಲ್ಲ. ಇಲ್ಲೇ ಮೇಜಿನ ಹತ್ತಿರ ನಿಂತು ಹತ್ತು ನಿಮಿಷದಲ್ಲಿ ಮುಗಿಸ್ತೀವಿ, ಪರವಾಗಿಲ್ಲ ತಾನೆ?" ಪರವಾಗಿಲ್ಲ, ಸದ್ಯಕ್ಕೆ ಮಾಡಿಕೊಳ್ಳಿ ಅಂದೆ.

ಹತ್ತು ನಿಮಿಷ ಅರ್ಧ ಗಂಟೆಯಾಯಿತು. ಬೇರೆ ಊರಲ್ಲಿದ್ದ ಅವರ ಸಹೋದ್ಯೋಗಿಗಳು ಲ್ಯಾಪ್‌ಟಾಪಿನ ಸ್ಪೀಕರ್ ಮೂಲಕ ಸೇರಿಕೊಂಡರು. ಆ ಮೇಜಿನ ಹಿಂದೆ ಒಬ್ಬರು ಅನುವಾದಕಿ ಕೂರುತ್ತಿದ್ದರು. ನಮ್ಮಲ್ಲಿಗೆ ಮೊದಮೊದಲು ಬಂದವರಲ್ಲಿ ಒಬ್ಬರು. ಅವರು ಮೊದಲು ಹೆಡ್‌ಫೋನ್ ಹಾಕಿಕೊಂಡರು. ಆಮೇಲೆ ಕಿಟಕಿ ಪಕ್ಕಕ್ಕೆ ಹೋದರು. ಅಲ್ಲಿಂದ ಪ್ಯಾಂಟ್ರಿ ಬಾಗಿಲ ಹತ್ತಿರದ, ಯಾರಿಗೂ ಬೇಡದ ಸೀಟಿಗೆ. ಮುಂದೆ ಮಧ್ಯಾಹ್ನದ ಮೇಲಷ್ಟೇ ಬರತೊಡಗಿದರು. ತಿಂಗಳು ಮುಗಿದಾಗ ರಿನ್ಯೂ ಮಾಡಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ "ಏನಿಲ್ಲ, ಸ್ವಲ್ಪ ದಿನ ಮನೆಯಿಂದ ಮಾಡೋಣ ಅಂತ" ಅಂದರು. ನಾನು ನಂಬಿದೆ. ಅವರ ಹಿಂದೆ ಲೆಕ್ಕಪತ್ರ ನೋಡುವವರೊಬ್ಬರು ಹೋದರು, ಪ್ರಬಂಧ ಬರೆಯುತ್ತಿದ್ದ ಸಂಶೋಧಕರೂ ಹೋದರು. ಯಾರೂ ಒಂದು ದೂರು ಕೊಡಲಿಲ್ಲ. ದೂರಿಲ್ಲ ಅಂದರೆ ಎಲ್ಲ ಸರಿಯಿದೆ ಅಂತಲೇ ನನ್ನ ಲೆಕ್ಕ.

ಕೊನೆಗೊಬ್ಬರು ಗದ್ದಲದ ವಿಷಯ ಎತ್ತಿದಾಗ ನಾನು ಮಾಡಿದ ಘನಕಾರ್ಯ ಕೇಳಿ. ಫೋನಿನಲ್ಲಿ ಡೆಸಿಬಲ್ ಅಳೆಯುವ ಆ್ಯಪ್ ಹಾಕಿಕೊಂಡು ಹಾಲ್ ತುಂಬ ಓಡಾಡಿದೆ. ಅರವತ್ತರ ಆಸುಪಾಸು ತೋರಿಸಿತು, ಅಂದರೆ ಇಬ್ಬರು ಮಾಮೂಲಾಗಿ ಮಾತಾಡಿದಷ್ಟು. "ನೋಡಿ, ಅಷ್ಟೇನೂ ಇಲ್ಲ" ಅಂತ ಅವರಿಗೇ ತೋರಿಸಿದೆ. ಆಮೇಲೆ ಗೋಡೆಗೆ ಶಬ್ದ ಹೀರುವ ಹಲಗೆಗಳನ್ನೂ ಹಾಕಿಸಿದೆ. ಗೂಂಯ್‌ಗುಡುವುದು ಕಡಿಮೆಯಾಯಿತು, ಮಾತು ಇನ್ನಷ್ಟು ಸ್ಪಷ್ಟವಾಗಿ ಕೇಳತೊಡಗಿತು! ಕೆಲಸ ಕೆಡಿಸುವುದು ಸದ್ದಿನ ಪ್ರಮಾಣಕ್ಕಿಂತ ಹೆಚ್ಚಾಗಿ ಅರ್ಥವಾಗುವ ಮಾತು. ಅದರಲ್ಲೂ ಒಂದೇ ಕಡೆ ಕೇಳಿಸುವ ಫೋನ್ ಮಾತು ಇನ್ನೂ ಕಷ್ಟ. ಆ ಕಡೆಯವರು ಏನಂದಿರಬಹುದು ಅಂತ ನಮ್ಮ ತಲೆ ಬೇಡವೆಂದರೂ ಊಹಿಸುತ್ತಿರುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಇದನ್ನು ಪ್ರಯೋಗ ಮಾಡಿಯೇ ತೋರಿಸಿದ್ದಾರೆ: ಪೂರ್ತಿ ಸಂಭಾಷಣೆಗಿಂತ ಅರ್ಧ ಸಂಭಾಷಣೆ ಕಿವಿಗೆ ಬಿದ್ದಾಗ ಗಮನ ಹೆಚ್ಚು ಕೆಡುತ್ತದೆ. ನನಗೆ ಇದು ಹಲಗೆಯ ಬಿಲ್ಲು ಕಟ್ಟಿದ ಮೇಲೆ ಗೊತ್ತಾಯಿತು.

ಇಷ್ಟಾಗಿ ಆ ತಂಡವೂ ಉಳಿಯಲಿಲ್ಲ. ಅವರಿಗೆ ಕೆಲಸ ಹೆಚ್ಚಾಯಿತು, ಜನ ಹೆಚ್ಚಾದರು, ಸ್ವಂತ ಆಫೀಸು ಮಾಡಿಕೊಂಡರು. ಕರಾರಿನ ಪ್ರಕಾರ ಒಂದು ತಿಂಗಳ ನೋಟಿಸ್ ಕೊಟ್ಟು, ಎಲ್ಲರಿಗೂ ಸಿಹಿ ಹಂಚಿ ಹೋದರು. ಅವರ ತಪ್ಪೇನೂ ಇಲ್ಲ. ಚೆನ್ನಾಗಿ ಬೆಳೆಯುವ ತಂಡ ಎಷ್ಟೋ ಸಲ ಕೋವರ್ಕಿಂಗ್ ಜಾಗ ಬಿಟ್ಟು ಹೋಗುತ್ತದೆ, ಅದು ಈ ವ್ಯವಹಾರದ ಸ್ವಭಾವ. ಒಂಟಿಯಾಗಿ ಬರುವವರಲ್ಲಿ ಕೆಲವರು ವರ್ಷಗಟ್ಟಲೆ ಇರುತ್ತಾರೆ. ನಾನು ಹೋಗುವವರಿಗಾಗಿ ಇರುವವರನ್ನು ಕಳೆದುಕೊಂಡೆ. ನಡುವಿನ ಮೇಜೂ ಖಾಲಿ, ಕಿಟಕಿ ಪಕ್ಕವೂ ಖಾಲಿ.

ಈಗ ಇದರಲ್ಲಿ ತಪ್ಪು ಎಲ್ಲಾಯಿತು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಕೇಳಿದವರೆಲ್ಲ "ಅಯ್ಯೋ, ಅನುಮತಿ ಕೊಡಬಾರದಿತ್ತು" ಅನ್ನುತ್ತಾರೆ. ಅಲ್ಲ. ಅನುಮತಿ ಕೊಟ್ಟದ್ದು ತಪ್ಪಲ್ಲ. ಹೊಸ ಜಾಗದಲ್ಲಿ ವಿನಾಯಿತಿ ಕೊಡದೆ ಒಂದು ವಾರವೂ ನಡೆಯುವುದಿಲ್ಲ. ನಾನು ಅದನ್ನು ಬಾಯಿಮಾತಿನಲ್ಲಿ ಕೊಟ್ಟೆ, ಎಂದಿನವರೆಗೆ ಅಂತ ಹೇಳಲಿಲ್ಲ, ಪಕ್ಕದಲ್ಲಿ ಕೂರುವವರಿಗೆ ತಿಳಿಸಲೂ ಇಲ್ಲ. ಅನುವಾದಕಿಯ ಕಡೆಯಿಂದ ನೋಡಿ: ಅವರಿಗೆ ಕಂಡದ್ದು ಏನು? ಕೈಪಿಡಿಯಲ್ಲಿ "ಕರೆಗಳಿಗೆ ಫೋನ್ ಬೂತ್ ಬಳಸಿ" ಅಂತಿದೆ, ಗೋಡೆ ಮೇಲೆ ಸಮುದಾಯ ಅಂತಿದೆ, ಎದುರಿಗೆ ಸ್ಪೀಕರ್ ಕೂಗುತ್ತಿದೆ, ಜಾಗದ ಮಾಲೀಕ ಪಕ್ಕದಲ್ಲೇ ನಗುನಗುತ್ತಾ ಹಾದು ಹೋಗುತ್ತಿದ್ದಾನೆ. ಹೆಚ್ಚು ಡೆಸ್ಕ್ ತೆಗೆದುಕೊಂಡವರಿಗೆ ನಿಯಮ ಬೇರೆ ಅಂತ ಅವರು ಅರ್ಥ ಮಾಡಿಕೊಂಡರು. ಸರಿಯಾಗಿಯೇ ಅರ್ಥ ಮಾಡಿಕೊಂಡರು! ಇನ್ನು ದೂರು ಕೊಟ್ಟು ನಿಷ್ಠುರ ಯಾಕೆ ಕಟ್ಟಿಕೊಳ್ಳಬೇಕು? ಆ ತಂಡದ ಕಡೆಯಿಂದ ನೋಡಿದರೂ ಅಷ್ಟೇ. ಅವರು ಕೇಳಿದ್ದಾರೆ, ನಾನು ಹ್ಞೂಂ ಅಂದಿದ್ದೇನೆ. ಮೂರು ತಿಂಗಳಾದ ಮೇಲೆ ನಾನು ಹೋಗಿ "ಇನ್ನು ಬೇಡ" ಅಂದಿದ್ದರೆ ಮಾತಿಗೆ ತಪ್ಪಿದವನು ನಾನೇ ಆಗುತ್ತಿದ್ದೆ. ಆ ಭಯಕ್ಕೆ ಹೇಳಲೇ ಇಲ್ಲ. "ಈ ತಿಂಗಳ ಕೊನೆಯವರೆಗೆ, ಹತ್ತು ನಿಮಿಷ, ಸ್ಪೀಕರ್ ಇಲ್ಲದೆ, ಆಮೇಲೆ ಅಕ್ಕಪಕ್ಕದವರನ್ನು ಕೇಳಿ ನೋಡೋಣ" ಅಂತ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದಿದ್ದರೆ ಇಬ್ಬರೂ ಉಳಿಯುತ್ತಿದ್ದರೋ ಏನೋ.

ಹಂಚಿಕೊಂಡು ಬಳಸುವ ಸಂಪನ್ಮೂಲಗಳ ಮೇಲೆ ಜೀವಮಾನವಿಡೀ ಕೆಲಸ ಮಾಡಿದ ಎಲಿನರ್ ಆಸ್ಟ್ರಮ್ ಅವರ ಬಗ್ಗೆ ಓದಿದ್ದು ಇದೆಲ್ಲ ಆದ ನಂತರ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ. ಮೀನುಗಾರರು, ನೀರು ಹಂಚಿಕೊಳ್ಳುವ ರೈತರು, ಕಾಡು ಹುಲ್ಲುಗಾವಲು ನೋಡಿಕೊಳ್ಳುವ ಊರಿನವರು ಹೇಗೆ ತಲೆಮಾರುಗಟ್ಟಲೆ ಜಗಳವಾಡಿಯೂ ಒಟ್ಟಿಗೆ ಉಳಿದರು ಅಂತ ಅಧ್ಯಯನ ಮಾಡಿದರು. ಹಾಗೆ ಒಟ್ಟಿಗೆ ಉಳಿದುಕೊಂಡ ಕಡೆಗಳಲ್ಲಿ ಅವರು ಕಂಡ ಕೆಲವು ಲಕ್ಷಣಗಳು ನನಗೆ ಕಪಾಳಕ್ಕೆ ಹೊಡೆದ ಹಾಗಿದ್ದವು. ನಿಯಮಕ್ಕೆ ಒಳಪಡುವವರಿಗೆ ಅದನ್ನು ತಿದ್ದುವ ಅವಕಾಶ ಇರುತ್ತದೆ. ಮೇಲ್ವಿಚಾರಣೆ ಮಾಡುವವರು ಬಳಕೆದಾರರೇ ಅಥವಾ ಅವರಿಗೆ ಉತ್ತರ ಹೇಳಬೇಕಾದವರು. ತಪ್ಪಿಗೆ ಶಿಕ್ಷೆ ಮೊದಲು ಹಗುರ, ಮತ್ತೆ ಮಾಡಿದರೆ ಸ್ವಲ್ಪ ಭಾರ. ಜಗಳ ಬಗೆಹರಿಸಲು ಹತ್ತಿರದಲ್ಲೇ ಖರ್ಚಿಲ್ಲದ ಒಂದು ಜಾಗ ಇರುತ್ತದೆ. ನಮ್ಮ ದಪ್ಪ ಕೈಪಿಡಿಯಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ಇದ್ದದ್ದು ಎರಡೇ: ವಿನಂತಿ, ಇಲ್ಲದಿದ್ದರೆ ಸದಸ್ಯತ್ವ ರದ್ದು. ನಡುವೆ ಏನೂ ಇಲ್ಲದಿದ್ದರೆ ಯಾರೂ ಏನೂ ಮಾಡುವುದಿಲ್ಲ.

ಹಾಗಾಗಿ ಯಾವುದು ಮೊದಲು ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಮೌಲ್ಯಗಳನ್ನು ಈಗ ಬರೆಯಲೇಬೇಡಿ. ಎಸ್‌ಒಪಿಯಲ್ಲೂ ಮುಕ್ಕಾಲು ಪಾಲು ಬಿಡಿ. ಮೊದಲ ದಿನಕ್ಕೆ ಬೇಕಾದ್ದು, ತಪ್ಪಿದರೆ ಯಾರಿಗಾದರೂ ಏಟಾಗುವ ಅಥವಾ ಕ್ಷಮೆ ಕೇಳಿ ಸರಿಮಾಡಲಾಗದ ಸಂಗತಿಗಳು ಮಾತ್ರ. ಬೆಂಕಿ ಬಿದ್ದರೆ ಯಾರು ಯಾವ ಬಾಗಿಲಿಂದ ಹೊರಗೆ, ಆರಿಸುವ ಸಿಲಿಂಡರ್ ಎಲ್ಲಿದೆ. ಸದಸ್ಯತ್ವ ಮುಗಿದವರ ಪ್ರವೇಶ ಕಾರ್ಡು ಅವತ್ತೇ ನಿಷ್ಕ್ರಿಯ ಮಾಡುವವರು ಯಾರು. ಅತಿಥಿಗಳ ವೈಫೈ ಸದಸ್ಯರ ವೈಫೈಯಿಂದ ಬೇರೆ ಇರಬೇಕು, ಒಬ್ಬರ ಲ್ಯಾಪ್‌ಟಾಪ್ ಇನ್ನೊಬ್ಬರಿಗೆ ನೆಟ್‌ವರ್ಕಿನಲ್ಲಿ ಕಾಣಬಾರದು. ರೂಟರಿನಲ್ಲಿ ಇದಕ್ಕೊಂದು ಸೆಟ್ಟಿಂಗ್ ಇರುತ್ತದೆ, ಎಷ್ಟೋ ಕಡೆ ಯಾರೂ ಮುಟ್ಟಿರುವುದಿಲ್ಲ. ಪ್ರಿಂಟರ್ ಪಿನ್ ಒತ್ತಿದ ಮೇಲಷ್ಟೇ ಕಾಗದ ಹೊರಹಾಕಬೇಕು, ಇಲ್ಲದಿದ್ದರೆ ಒಬ್ಬರ ಕಕ್ಷಿದಾರರ ಕರಾರು ಇನ್ನೊಬ್ಬರ ಕೈಯಲ್ಲಿರುತ್ತದೆ. ಠೇವಣಿ ವಾಪಸಿನ ಷರತ್ತು ಕರಾರಿನಲ್ಲೇ ಇರಲಿ. ಕಿರುಕುಳದ ದೂರು ಕೇಳಲು ಇಬ್ಬರು ಇರಲಿ, ಇಬ್ಬರೂ ಸ್ಥಾಪಕರ ಸ್ನೇಹಿತರೇ ಆಗಿರಬಾರದು. ಇಷ್ಟು ಒಂದೆರಡು ಹಾಳೆಯಲ್ಲಿ ಮುಗಿಯುತ್ತದೆ.

ಬರೆದ ಹಾಳೆ ಸರಿಯಿದೆಯೋ ಇಲ್ಲವೋ ಅಂತ ಓದಿ ಹೇಳಲಾಗುವುದಿಲ್ಲ. ಜಾಗಕ್ಕೆ ಒಮ್ಮೆಯೂ ಬೀಗ ಹಾಕದವರ ಕೈಗೆ ಅದನ್ನು ಕೊಟ್ಟು, ನೀವು ಹಿಂದೆ ಬಾಯಿ ಮುಚ್ಚಿಕೊಂಡು ನಿಲ್ಲಿ. ನಮ್ಮ ಹಾಳೆಯಲ್ಲಿ "ಹಿಂದಿನ ಬಾಗಿಲು ಹಾಕಿ" ಅಂತಿತ್ತು. ಹೊಸದಾಗಿ ಸೇರಿದ ಹುಡುಗಿ ಹಾಕಿದಳು, ಹಾಳೆಯಲ್ಲಿ ಗುರುತು ಮಾಡಿ ಮುಂದೆ ಹೋದಳು. ಆ ಬಾಗಿಲನ್ನು ಹಿಡಿಕೆ ಹಿಡಿದು ಸ್ವಲ್ಪ ಮೇಲಕ್ಕೆತ್ತಿ ಎಳೆದರೆ ಮಾತ್ರ ಚಿಲಕ ಕೂರುವುದು. ನಮಗೆ ಕೈಗೆ ಅಭ್ಯಾಸವಾಗಿ ಹೋಗಿದ್ದರಿಂದ ಅದನ್ನು ಬರೆಯಬೇಕು ಅಂತಲೇ ಹೊಳೆದಿರಲಿಲ್ಲ. (ಬಾಗಿಲನ್ನೇ ರಿಪೇರಿ ಮಾಡಿಸಬಹುದಿತ್ತಲ್ಲ ಅಂತ ಅವಳೇ ಕೇಳಿದಳು. ಮಾಡಿಸಿದೆವು.)

ಮಿಕ್ಕ ನಿಯಮಗಳಿಗೆ ಫ್ರಂಟ್ ಡೆಸ್ಕ್ ಮೇಲೆ ಒಂದು ನೋಟ್‌ಬುಕ್ ಇಡಿ. ಇವತ್ತು ಏನು ಕಿರಿಕಿರಿಯಾಯಿತು, ಅಷ್ಟೇ. ಹೆಸರು ಬೇಡ. ನಮ್ಮಲ್ಲಿ ಬಂದವು ನಾನು ಊಹಿಸಿದವಲ್ಲವೇ ಅಲ್ಲ: ಎಸಿಯ ಬಿಸಿ ತಣ್ಣಗಿನ ಜಗಳ, ಬುಕ್ ಮಾಡಿ ಬಾರದೆ ಹೋದವರ ಮೀಟಿಂಗ್ ರೂಮ್, ಕೋಟು ಹಾಕಿ ಹಿಡಿದಿಟ್ಟ ಹಾಟ್ ಡೆಸ್ಕ್ (ಯಾರಿಗೂ ಮೀಸಲಲ್ಲದ, ಮೊದಲು ಬಂದವರು ಕೂರುವ ಮೇಜು). ತಿಂಗಳಿಗೊಮ್ಮೆ ಸದಸ್ಯರನ್ನು ಕೂರಿಸಿ ಅದನ್ನು ಓದಿ, ಮೂರಕ್ಕಿಂತ ಹೆಚ್ಚು ಸಲ ಬಂದದ್ದಕ್ಕೆ ಮಾತ್ರ ನಿಯಮ ಮಾಡಿ. ನಿಯಮದ ವಾಕ್ಯದಲ್ಲಿ ಒಬ್ಬ ಮನುಷ್ಯ ಇರಬೇಕು. "ಕಾಯ್ದಿರಿಸಿದ ರೂಮಿಗೆ ಹದಿನೈದು ನಿಮಿಷ ಯಾರೂ ಬಾರದಿದ್ದರೆ ಫ್ರಂಟ್ ಡೆಸ್ಕ್‌ನಲ್ಲಿರುವವರು ಬಿಡುಗಡೆ ಮಾಡುತ್ತಾರೆ, ಎರಡನೇ ಸಲವಾದರೆ ಫೋನ್ ಮಾಡಿ ಹೇಳುತ್ತಾರೆ, ಮೂರನೇ ಸಲವಾದರೆ ಆ ತಿಂಗಳು ಮುಂಗಡ ಬುಕಿಂಗ್ ಇಲ್ಲ." ಇದು ನಿಯಮ. "ರೂಮನ್ನು ಜವಾಬ್ದಾರಿಯಿಂದ ಬಳಸೋಣ" ಅನ್ನುವುದು ಹಾರೈಕೆ.

ಮೌಲ್ಯಗಳ ವಿಷಯಕ್ಕೆ ಬಂದರೆ, ಅವು ಸಿಗುವುದು ನಿಮಗೆ ನಷ್ಟವಾಗುವ ಕಡೆ. ಒಂದೇ ಸಂಸ್ಥೆಗೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಡೆಸ್ಕ್ ಕೊಡುವುದಿಲ್ಲ ಅಂತ ನಾವು ತೀರ್ಮಾನಿಸಿದ್ದೇವೆ. ಜಾಗ ಖಾಲಿ ಇದ್ದಾಗಲೂ ಕೊಟ್ಟಿಲ್ಲ, ಕೈಗೆ ಬಂದ ದುಡ್ಡು ಬಿಟ್ಟಿದ್ದೇವೆ. ಇದನ್ನು ಸಮುದಾಯ ಅಂತ ಕರೆಯಿರಿ, ಬೇರೇನಾದರೂ ಅನ್ನಿ. ಗೋಡೆಯ ಐದು ಪದಗಳನ್ನು ತೆಗೆಸಿದ್ದೇವೆ. ಈಗ ಅಲ್ಲಿ ಚಾಲ್ತಿಯಲ್ಲಿರುವ ವಿನಾಯಿತಿಗಳ ಪಟ್ಟಿ ಇದೆ: ಯಾರಿಗೆ, ಯಾವುದಕ್ಕೆ, ಎಂದಿನವರೆಗೆ. ನೋಡಲು ಚೆಂದವಿಲ್ಲ, ಹೊಸಬರು ಇದೇನಿದು ಅಂತ ಕೇಳುತ್ತಾರೆ. ಕೇಳಲಿ.

ಸಲಹೆಗಾರರನ್ನು ಇಟ್ಟುಕೊಳ್ಳಬೇಕೇ ಅಂತಲೂ ಕೇಳಿದ್ದೀರಿ. ಅಗ್ನಿ ಸುರಕ್ಷತೆಗೆ, ಕರಾರಿನ ಕಾನೂನಿಗೆ ಖಂಡಿತ ಬೇಕು. ಮೌಲ್ಯಗಳ ಕಾರ್ಯಾಗಾರಕ್ಕೆ ಬೇಡ. ಆ ದುಡ್ಡಿನಲ್ಲಿ ಇನ್ನೊಂದು ಫೋನ್ ಬೂತ್ ಹಾಕಿಸಿ, ಒಳಗೆ ಗಾಳಿಯಾಡಲು ಫ್ಯಾನ್ ಇರುವಂಥದ್ದು. ಫ್ಯಾನ್ ಇಲ್ಲದ ಬೂತಿನಲ್ಲಿ ಐದು ನಿಮಿಷಕ್ಕೆ ಸೆಕೆಯಾಗಿ ಜನ ಬಾಗಿಲು ತೆರೆದಿಟ್ಟುಕೊಂಡೇ ಮಾತಾಡುತ್ತಾರೆ.