ಹಳೆ ಲ್ಯಾಬ್ ಫೋಟೋಮೀಟರ್‌ಗೆ ‘ಎಫ್‌ಡಿಎ ಸರ್ಟಿಫಿಕೇಟ್’ ಇದ್ದರೆ ಮಣ್ಣು ಪರೀಕ್ಷೆಗೆ ಆಗುತ್ತಾ?

ಮದ್ದೂರಿನ ಅಣ್ಣ ಕೇಳಿದ್ದು ಇಷ್ಟು: ಮೈಸೂರಿನಲ್ಲಿ ಮುಚ್ಚಿದ ಒಂದು ರಕ್ತಪರೀಕ್ಷೆ ಲ್ಯಾಬಿನ ಫೋಟೋಮೀಟರ್ (ದ್ರಾವಣದ ಬಣ್ಣ ಎಷ್ಟು ಗಾಢ ಅಂತ ಬೆಳಕಿನಿಂದ ಅಳೆಯುವ ಯಂತ್ರ) ಮಾರಾಟಕ್ಕಿದೆ, ಜೊತೆಗೆ ಎಫ್‌ಡಿಎ (ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ) ಸರ್ಟಿಫಿಕೇಟ್ ಕೊಡುತ್ತಾರಂತೆ, ಗದ್ದೆ ಮಣ್ಣಿನ ರಂಜಕ ನೋಡೋಕೆ ತಗೋಬಹುದಾ?

ಆ ಕಾಗದಕ್ಕೆ ಒಂದು ರೂಪಾಯಿನೂ ಜಾಸ್ತಿ ಕೊಡಬೇಡಿ. ಕಂಪನಿ ಅಮೆರಿಕದ ಎಫ್‌ಡಿಎಯಲ್ಲಿ ಹೆಸರು ನೋಂದಾಯಿಸಿದರೆ ನಂಬರ್ ಸಿಗುತ್ತದೆ, ಅಷ್ಟೇ. ನೋಂದಣಿಗೆ ಎಫ್‌ಡಿಎ ಸರ್ಟಿಫಿಕೇಟ್ ಕೊಡುವುದೇ ಇಲ್ಲ. ಮುದ್ರೆ, ಬಾರ್ಡರ್ ಹಾಕಿದ ಆ ಹಾಳೆಗಳನ್ನು ಮಧ್ಯದ ಏಜೆನ್ಸಿಗಳು ಪ್ರಿಂಟ್ ಮಾಡಿಕೊಡುತ್ತವೆ.

ನಿಜವಾದ ಕ್ಲಿಯರೆನ್ಸ್‌ಗೆ 510ಕೆ ಅನ್ನುತ್ತಾರೆ. ಕಾನೂನುಬದ್ಧವಾಗಿ ಮಾರಾಟದಲ್ಲಿರುವ ಇಂಥದ್ದೇ ಸಾಧನಕ್ಕೆ ನಮ್ಮದು ಸಮ ಅಂತ ಕಂಪನಿ ತೋರಿಸಬೇಕು. ಅದರ ನಂಬರ್‌ನಲ್ಲಿ ಕೆ ಅಕ್ಷರ, ಆಮೇಲೆ 6 ಅಂಕಿ. ಎಫ್‌ಡಿಎ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಹುಡುಕಬಹುದು. ತಮಾಷೆ ಅಂದರೆ, ಲ್ಯಾಬಿನ ಕಲರಿಮೀಟರ್, ಫೋಟೋಮೀಟರ್‌ಗಳು ಅಲ್ಲಿ 1ನೇ ದರ್ಜೆ (ಅಪಾಯ ಕಡಿಮೆ ಇರುವ ಗುಂಪು), ಸಾಮಾನ್ಯವಾಗಿ 510ಕೆಯಿಂದಲೇ ವಿನಾಯಿತಿ. ಹಾಗಾಗಿ ಆ ನಂಬರ್ ಇಲ್ಲದಿದ್ದರೆ ಯಂತ್ರ ಕೆಟ್ಟದ್ದು ಅಂತಲ್ಲ. ಇದ್ದರೂ ಅದು ಮನುಷ್ಯರ ರಕ್ತ, ಮೂತ್ರದ ಮಾತು. ಮಣ್ಣಿಗೂ ಅದಕ್ಕೂ ಸಂಬಂಧ ಇಲ್ಲ. ನಮ್ಮಲ್ಲಿನ 2017ರ ವೈದ್ಯಕೀಯ ಸಾಧನಗಳ ನಿಯಮವೂ ಹಾಗೇ. ಅಂದಹಾಗೆ, ಮನೆಗೆ ತಂದಮೇಲೆ ಅಕ್ಕಪಕ್ಕದವರ ಶುಗರ್ ನೋಡೋಕೆ ಹೋಗಬೇಡಿ. ಅದಕ್ಕೆ ನೋಂದಾಯಿತ ಲ್ಯಾಬೇ ಬೇಕು.

ನೀವು ಕೇಳಬೇಕಾದ್ದು ಫಿಲ್ಟರ್, ಅಂದರೆ ಒಂದೊಂದು ತರಂಗಾಂತರದ ಬೆಳಕನ್ನು ಮಾತ್ರ ಬಿಡುವ ಗಾಜು, ಯಾವ್ಯಾವುದಿದೆ ಅಂತ. ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ 340, 405, 505, 546, 578, 630, 670 ನ್ಯಾನೋಮೀಟರ್ ಇರುತ್ತವೆ. ಶುಗರ್‌ಗೆ 505 ಸಾಕು. ರಂಜಕದ ಪರೀಕ್ಷೆಯಲ್ಲಿ ಬರುವ ಬಣ್ಣ, ಮಾಲಿಬ್ಡಿನಂ ನೀಲಿ, ಚೆನ್ನಾಗಿ ಸಿಗುವುದು 882ರಲ್ಲಿ. 670ರಲ್ಲೂ ಓದಬಹುದು, ಸೂಕ್ಷ್ಮತೆ ಕಡಿಮೆ, ಸ್ಟ್ಯಾಂಡರ್ಡ್‌ಗಳನ್ನೂ (ರಂಜಕ ಎಷ್ಟಿದೆ ಅಂತ ಮೊದಲೇ ಗೊತ್ತಿರುವ ದ್ರಾವಣ) ಅದೇ ಫಿಲ್ಟರಿನಲ್ಲೇ ಓದಬೇಕು. 670 ಇಲ್ಲದಿದ್ದರೆ ಬಿಟ್ಟುಬಿಡಿ.

ಇನ್ನೊಂದು, ಸಣ್ಣ ಪೈಪಿನಲ್ಲಿ ಹೀರಿಕೊಳ್ಳುವ ಫ್ಲೋಸೆಲ್ ಮಾತ್ರ ಇದ್ದರೆ ಬೇಡ. ಮಣ್ಣಿನಿಂದ ರಂಜಕ ತೆಗೆಯುವ ಓಲ್ಸನ್ ವಿಧಾನದಲ್ಲಿ ಅಡುಗೆ ಸೋಡಾ ದ್ರಾವಣಕ್ಕೆ ಆಮ್ಲ ಬಿದ್ದ ತಕ್ಷಣ ನೊರೆ ಉಕ್ಕುತ್ತದೆ. ಒಂದು ಗುಳ್ಳೆ ಒಳಗೆ ನಿಂತರೂ ರೀಡಿಂಗ್ ಕುಣಿಯುತ್ತದೆ. ನೀಲಿ ಬಣ್ಣ ಪೈಪಿಗೂ ಅಂಟುತ್ತದೆ. ಕ್ಯುವೆಟ್ (ದ್ರಾವಣ ತುಂಬುವ ಪಾರದರ್ಶಕ ಸಣ್ಣ ಪಾತ್ರೆ) ಇಡುವ ಜಾಗ ಇರಲಿ.

ದುಡ್ಡು ಕೊಡುವ ಮುಂಚೆ ಅಲ್ಲೇ ಹೀಗೆ ನೋಡಿ. 5 ಗ್ರಾಂ ಮೈಲುತುತ್ತು 100 ಮಿ.ಲೀ. ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿಕೊಂಡು ಹೋಗಿ. ನಮ್ಮ ಬೋರ್ ನೀರು ಹಾಕಿದರೆ ಮಬ್ಬಾಗುತ್ತದೆ, ಪರೀಕ್ಷೆ ಸುಮ್ನೆ ಹಾಳು. ಯಂತ್ರ ಆನ್ ಮಾಡಿ 15 ನಿಮಿಷ ಬಿಸಿಯಾಗಲಿ, ಡಿಸ್ಟಿಲ್ಡ್ ನೀರಿಗೆ ಸೊನ್ನೆ ಮಾಡಿ, 670ರಲ್ಲಿ ಓದಿ. ಅರ್ಧಕ್ಕೆ ತೆಳು ಮಾಡಿ ಮತ್ತೆ ಓದಿ, ಕಾಲು ಭಾಗಕ್ಕೆ ಇಳಿಸಿ ಮತ್ತೆ. ಮೊದಲು 0.60 ಬಂದರೆ ಆಮೇಲೆ 0.30, 0.15ರ ಆಸುಪಾಸು ಬರಬೇಕು. 0.30ರ ಬದಲು 0.38 ಬಂದರೆ ಫಿಲ್ಟರ್ ಅಥವಾ ಸೆನ್ಸರ್ ಹೋಗಿರಬಹುದು. ಕೊನೆಗೆ ಸೊನ್ನೆ ಜರುಗಿದೆಯಾ ಅಂತಲೂ ನೋಡಿ.

ತಗೊಂಡಮೇಲೆ ಒಂದೇ ಮಣ್ಣನ್ನು ಎರಡು ಪಾಲು ಮಾಡಿ, ಒಂದನ್ನು ಮಂಡ್ಯದ ವಿ.ಸಿ. ಫಾರ್ಮ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಕೊಡಿ. ಎರಡೂ ರಿಪೋರ್ಟ್ ಇಲ್ಲೇ ಹಾಕಿ, ತಾಳೆ ನೋಡೋಣ.