ಫ್ಯಾಂಟಸಿ ಕಾದಂಬರಿ ಸಿನಿಮಾ ಆದಾಗ ಬರೆದವರಿಗೇ ಯಾಕೆ ಬೇಸರವಾಗುತ್ತದೆ?

ಎಲ್ಲರಿಗೂ ಆಗುವುದಿಲ್ಲ. ಆದರೆ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ ಅವರಿಗೆ ಆದದ್ದು ನ್ಯಾಯವಾಗಿಯೇ ಇತ್ತು.

ಹುಟ್ಟಿದ್ದು 1929ರಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ. ಅಪ್ಪ ಮಾನವಶಾಸ್ತ್ರಜ್ಞ. ಬೇರೆ ಬೇರೆ ಜನಾಂಗಗಳ ಕಥೆಗಳ ನಡುವೆಯೇ ಬೆಳೆದವರು. 1968ರಲ್ಲಿ ಬಂದ, ಅವರ ಅರ್ಥ್‌ಸೀ ಸರಣಿಯ ಮೊದಲ ಕಾದಂಬರಿ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯಲ್ಲಿ ಹೆಚ್ಚಿನ ಪಾತ್ರಗಳದ್ದು ಕಂದು, ಕಪ್ಪು ಬಣ್ಣ. ನಾಯಕ ಗೆಡ್‌ನದ್ದು ಕೆಂಪು ಮಿಶ್ರಿತ ಕಂದು. ಸುಮ್ನೆ ಅಲ್ಲ, ಬೇಕೆಂದೇ ಹಾಗೆ ಬರೆದದ್ದು. ಅದನ್ನು ಆಧರಿಸಿದ 2004ರ ಅಮೆರಿಕದ ಟಿವಿ ಸರಣಿಯಲ್ಲಿ ಗೆಡ್ ಬಿಳಿಯ! ಅವರು ಬಹಿರಂಗವಾಗಿಯೇ ಖಂಡಿಸಿ ಬರೆದರು.

2006ರಲ್ಲಿ ಜಪಾನಿನ ಘಿಬ್ಲಿ ಸ್ಟುಡಿಯೋ ಅರ್ಥ್‌ಸೀ ಕಥೆಗಳನ್ನು ಅನಿಮೇಷನ್ ಸಿನಿಮಾ ಮಾಡಿತು. ಅಲ್ಲಿನ ಹೆಸರಾಂತ ನಿರ್ದೇಶಕ ಹಯಾವೊ ಮಿಯಾಝಾಕಿ ಮಾಡುತ್ತಾರೆಂದು ಲೆ ಗ್ವಿನ್ ಅವರ ನಿರೀಕ್ಷೆ, ಮಾಡಿದ್ದು ಅವರ ಮಗ ಗೊರೊ. ನೋಡಲು ಚೆಂದವೇ. ಆದರೆ ಒಬ್ಬ ಖಳನನ್ನು ಕೊಂದರೆ ಎಲ್ಲ ಸರಿ ಎಂಬಂತೆ ಮುಗಿಯುತ್ತದೆ. ಮೊದಲ ಪುಸ್ತಕದಲ್ಲಿ ಗೆಡ್‌ನನ್ನು ಕಾಡುವ ನೆರಳು ಅವನದ್ದೇ. ಅದನ್ನು ಅವನು ಕೊಲ್ಲುವುದಿಲ್ಲ, ತನ್ನ ಹೆಸರಿನಿಂದಲೇ ಕರೆದು ಒಪ್ಪಿಕೊಳ್ಳುತ್ತಾನೆ. ಇದನ್ನು ಬಿಟ್ಟರೆ ಉಳಿಯುವುದು ಬರೀ ಡ್ರ್ಯಾಗನ್, ಅಲ್ವಾ?

ಕಥೆ ಬದಲಿಸುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಮ್ಮ ಕುಂಬಳೆ ಕಡೆ ಯಕ್ಷಗಾನದಲ್ಲಿ ಒಂದೇ ಪ್ರಸಂಗದ ರಾವಣ, ಅರ್ಥ ಹೇಳುವವರು ಬದಲಾದಂತೆ ಬದಲಾಗುತ್ತಾನೆ. ಯಾರೂ ತಕರಾರು ತೆಗೆಯುವುದಿಲ್ಲ. ಆದರೆ ಅಲ್ಲಿ ರಾವಣನ ಒಳತೋಟಿಗೆ ಮಾತಿನ ಜಾಗ ಜಾಸ್ತಿ ಇದೆ. ಎರಡು ಗಂಟೆಯ ಸಿನಿಮಾ ಮೊದಲು ಕತ್ತರಿ ಹಾಕುವುದೇ ಅದಕ್ಕೆ.

ನೀವು ಪುಸ್ತಕವನ್ನೇ ಮೊದಲು ಓದಿ. ತೆಳ್ಳಗಿದೆ, ಎರಡು ಭಾನುವಾರ ಸಾಕು.