ಹಳೆಯ ಫ್ಲ್ಯಾಶನ್ನು ಡಿಜಿಟಲ್ ಕ್ಯಾಮೆರಾಗೆ ಹಾಕಬಹುದಾ?

ಹಾಕಬಹುದು, ಆದರೆ ವೋಲ್ಟೇಜ್ ಅಳೆಯದೆ ಮಾತ್ರ ಬೇಡ. ಸಂಡೆ ಬಜಾರ್‌ನಲ್ಲಿ ಕೊಂಡ ಫ್ಲ್ಯಾಶ್ ನಿಮ್ಮ ಫಿಲ್ಮ್ ಕ್ಯಾಮೆರಾದಲ್ಲಿ ಚೆನ್ನಾಗಿದೆ ಅಂದ್ರಿ, ಅಷ್ಟಕ್ಕೇ ಧೈರ್ಯ ಮಾಡಬೇಡಿ.

ಫ್ಲ್ಯಾಶಿನ ಎರಡು ಕಾಂಟ್ಯಾಕ್ಟ್‌ಗಳನ್ನು ಕ್ಯಾಮೆರಾ ಒಂದು ಕ್ಷಣ ಜೋಡಿಸುತ್ತದೆ, ಆಗ ಬೆಳಕು ಹೊಡೆಯುತ್ತದೆ. ಅವುಗಳ ನಡುವೆ ಇರುವುದೇ ಟ್ರಿಗರ್ ವೋಲ್ಟೇಜ್. ಕೆಲವು ಹಳೆಯ ಫ್ಲ್ಯಾಶ್‌ಗಳಲ್ಲಿ ಅದು 200 ವೋಲ್ಟ್ ದಾಟುತ್ತದೆ. ಮೆಕ್ಯಾನಿಕಲ್ ಫಿಲ್ಮ್ ಕ್ಯಾಮೆರಾದೊಳಗೆ ಇರುವುದು ಲೋಹದ ಸ್ವಿಚ್, ಅದು ತಡೆದುಕೊಳ್ಳುತ್ತದೆ. ಡಿಜಿಟಲ್‌ನಲ್ಲಿ ಇರುವುದು ಸೂಕ್ಷ್ಮ ಎಲೆಕ್ಟ್ರಾನಿಕ್ ಸರ್ಕ್ಯೂಟ್, ಸುಟ್ಟುಹೋಗಬಹುದು. ಕೆಲವು ಮಾಡೆಲ್ 250 ವೋಲ್ಟ್ ತಾಳುತ್ತವೆ, ಕೆಲವಕ್ಕೆ 6 ವೋಲ್ಟ್‌ಗಿಂತ ಜಾಸ್ತಿ ಆಗದು. ನಿಮ್ಮದರ ಮಿತಿಯನ್ನು ಮ್ಯಾನ್ಯುಯಲ್‌ನಲ್ಲಿ ನೋಡಿ.

ಅಳೆಯಲು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುವ ಸಾದಾ ಮಲ್ಟಿಮೀಟರ್ ಸಾಕು. ಡಿಸಿ ವೋಲ್ಟ್‌ಗೆ ತಿರುಗಿಸಿ, ಫ್ಲ್ಯಾಶ್ ಆನ್ ಮಾಡಿ, ರೆಡಿ ಲೈಟ್ ಬರಲಿ. ಮೀಟರಿನ ಒಂದು ಕಡ್ಡಿ ಫ್ಲ್ಯಾಶಿನ ತಳದ ನಡುವಿನ ಪಿನ್ನಿಗೆ, ಇನ್ನೊಂದು ಪಕ್ಕದ ಲೋಹದ ಅಂಚಿಗೆ. ಮಾಡೆಲ್ ಹೆಸರು ನಂಬಬೇಡಿ: ವಿವಿಟಾರ್ 283 ಎಂಬ ಒಂದೇ ಫ್ಲ್ಯಾಶಿನಲ್ಲೂ ಹಳೆಯವು ಜಾಸ್ತಿ ವೋಲ್ಟೇಜಿನವು, ಆಮೇಲಿನವು ಕಡಿಮೆ ವೋಲ್ಟೇಜಿನವು.

ಅಳತೆ ನಿಮ್ಮ ಕ್ಯಾಮೆರಾದ ಮಿತಿಗಿಂತ ಜಾಸ್ತಿ ಬಂದರೆ ಕ್ಯಾಮೆರಾ ಮೇಲೆ ಕೂರಿಸಬೇಡಿ. ಕಡಿಮೆ ಬಂದರೂ ಟಿಟಿಎಲ್, ಅಂದರೆ ಕ್ಯಾಮೆರಾವೇ ಬೆಳಕು ಅಳೆಯುವ ವ್ಯವಸ್ಥೆ, ಸಾಮಾನ್ಯವಾಗಿ ಸಿಗದು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ನೀವೇ ಇಡಬೇಕು.